ನಾನು ಮಾತ್ರ ಕೇಳುತ್ತಿದ್ದ ಶಿಳ್ಳೆ

ಬೇರೆಯವರ ಫೋನ್ ಮಾತುಕತೆ ಕೇಳುವುದಕ್ಕೆ ತಿಂಗಳ ಸಂಬಳ ಕೊಡುತ್ತಾರೆ ಎಂದು, ನಾನು ಮದುವೆಯಾಗಿ ಮೈಸೂರಿನಿಂದ ಡೊಂಬಿವಲಿಗೆ ಬಂದ ಹೊಸತರಲ್ಲಿ ಯಾರಾದರೂ ಹೇಳಿದ್ದರೆ ತಮಾಷೆ ಮಾಡಬೇಡಿ ಎನ್ನುತ್ತಿದ್ದೆ. ಆದರೆ ನವಿ ಮುಂಬಯಿಯ ಐರೋಲಿಯಲ್ಲಿ, ಒಂದು ಕಾಲ್ ಸೆಂಟರಿನಲ್ಲಿ, ವರ್ಷಗಟ್ಟಲೆ ನಾನು ಮಾಡಿದ್ದು ಅದೇ ಕೆಲಸ. ಮನೆಯ ಮೇಲೆ ತಟ್ಟೆ ಕೂರಿಸಿ ಟಿವಿ ತೋರಿಸುವ ಒಂದು ಕಂಪನಿಯ ಕರ್ನಾಟಕದ ಗ್ರಾಹಕರು ದೂರು ಹೇಳಲು ಮಾಡಿದ ಕರೆಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಹುಡುಗ ಹುಡುಗಿಯರು ಸಾಲಾಗಿ ಕೂತು ಉತ್ತರ ಹೇಳುತ್ತಿದ್ದರು. ಆ ಮಾತೆಲ್ಲ ರೆಕಾರ್ಡ್ ಆಗುತ್ತಿತ್ತು. ಮಾರನೆಯ ದಿನ ನಾನು ಹೆಡ್‌ಫೋನ್ ಹಾಕಿಕೊಂಡು ಅವನ್ನು ಕೇಳಿ, ಹುಡುಗ ನಮಸ್ಕಾರ ಹೇಳಿದನೋ, ಗ್ರಾಹಕನ ಮಾತು ತುಂಡರಿಸಿದನೋ, ಸಮಸ್ಯೆ ಬಗೆಹರಿಸಿದನೋ ಎಂದು ನೋಡಿ ಅಂಕ ಹಾಕಬೇಕು. ಈ ಕೆಲಸ ಮಾಡೀ ಮಾಡೀ ನನಗೆ ಎಲ್ಲಕ್ಕೂ ಅಂಕ ಹಾಕುವ ಚಾಳಿ ಅಂಟಿಕೊಂಡಿತ್ತು. ತರಕಾರಿಯವನು ಸರಿಯಾಗಿ ಮಾತಾಡದಿದ್ದರೆ ಮನಸ್ಸಿನಲ್ಲೇ ಹತ್ತಕ್ಕೆ ನಾಲ್ಕು. ನನ್ನ ಗಂಡ ಫೋನೆತ್ತುವ ರೀತಿಗೆ ಹತ್ತಕ್ಕೆ ಎರಡು.

ಕೆಲಸ ಸುಲಭದ್ದಲ್ಲ, ಆದರೆ ನನಗೆ ಅದು ಪ್ರಾಣ. ಗಂಡ ಉಡುಪಿ ಕಡೆಯವರು, ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಅವರ ಅಣ್ಣನ ಜೊತೆ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅಣ್ಣತಮ್ಮಂದಿರ ಮಾತು ತುಳುವಿನಲ್ಲಿ. ನನ್ನ ಜೊತೆ ಅವರದು ಕರಾವಳಿಯ ಕನ್ನಡ, ಚೆನ್ನಾಗಿಯೇ ಇರುತ್ತದೆ, ಆದರೆ ನನ್ನದಲ್ಲ. ಮಗ ಡೊಂಬಿವಲಿಯಲ್ಲೇ ಹುಟ್ಟಿದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಸಿಟ್ಟು ಬಂದರೆ ಮರಾಠಿಯಲ್ಲಿ. ನಾನು ಹುಟ್ಟಿ ಬೆಳೆದ ಸೀಮೆಯ ಮಾತು ಕಿವಿಗೆ ಬೀಳುತ್ತಿದ್ದದ್ದು ಆಫೀಸಿನ ಹೆಡ್‌ಫೋನಿನಲ್ಲಿ ಮಾತ್ರ. ನಂಜನಗೂಡಿನ ಯಾರೋ ಅಜ್ಜಿ "ನಮ್ಮಪ್ಪನೇ, ಒಂದೇ ಒಂದ್ ಸಾರಿ ನೋಡು ಕಂದ" ಎಂದು ಫೋನೆತ್ತಿದ ಹುಡುಗನನ್ನು ಗೋಗರೆಯುವುದು ಕೇಳಿದರೆ ನನಗೆ ಅಂಕ ಹಾಕುವುದೇ ಮರೆತುಹೋಗುತ್ತಿತ್ತು. ಗುಲ್ಬರ್ಗದವರು, ಕುಂದಾಪುರದವರು, ಮಂಡ್ಯದವರು ಎಲ್ಲರೂ ದಿನವೂ ನನ್ನ ಕಿವಿಯೊಳಗೆ ಬಂದು ಜಗಳವಾಡಿ ಹೋಗುತ್ತಿದ್ದರು.

ಎರಡು ಸಾವಿರದ ಹದಿಮೂರು ಹದಿನಾಲ್ಕರ ಸುಮಾರಿಗೆ, ಈ ಕರೆಗಳ ಹಿಂದೆ ಒಂದು ಶಿಳ್ಳೆ ಕೇಳತೊಡಗಿತು. ಸಣ್ಣಗೆ, ಎಳೆಯಾಗಿ, ನಿಲ್ಲದೆ. ನಾನು ಕರ್ತವ್ಯನಿಷ್ಠೆಯಿಂದ ಪ್ರತಿ ಕರೆಯ ಕೆಳಗೂ "ಲೈನಿನಲ್ಲಿ ಶಿಳ್ಳೆ ಸದ್ದು ಇದೆ" ಎಂದು ಬರೆದೆ. ಕಂಪ್ಯೂಟರ್ ವಿಭಾಗದ ಹುಡುಗ ಬಂದು ಹೆಡ್‌ಫೋನ್ ಬದಲಾಯಿಸಿದ. ಶಿಳ್ಳೆ ಹೋಗಲಿಲ್ಲ. ವೈರು ಬದಲಾಯಿಸಿದ. ಹೋಗಲಿಲ್ಲ. ನನ್ನ ಕಂಪ್ಯೂಟರನ್ನೇ ಎತ್ತಿಕೊಂಡು ಹೋಗಿ ಬೇರೆಯದನ್ನು ತಂದಿಟ್ಟ. "ಮ್ಯಾಡಂ, ಮುಝೆ ತೋ ಕುಛ್ ಸುನಾಯಿ ನಹೀ ದೇತಾ" ಎಂದು ಅವನು ಗೋಳಾಡಿದರೆ, ನಿಮಗೆಲ್ಲ ಈ ವಯಸ್ಸಿಗೇ ಹಾಡು ಕೇಳಿ ಕೇಳಿ ಕಿವಿ ಕೆಟ್ಟಿದೆ ಎಂದು ಅವನಿಗೇ ಬೈದೆ. ಶಿಳ್ಳೆ ಹಾಕುವ ಲೈನುಗಳ ಬಗ್ಗೆ ಕಂಪನಿಯವರು ಟೆಲಿಫೋನಿನವರಿಗೆ ದೂರು ಕೊಡುವವರೆಗೂ ಅದು ಹೋಯಿತು.

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ಗಡಗಡಿಸಿ ಸುಮ್ಮನಾಯಿತು, ಕಟ್ಟಡದ ಅಷ್ಟೂ ಟಿವಿಗಳು ಬಾಯಿ ಮುಚ್ಚಿದವು. ಆ ನಿಶ್ಶಬ್ದದ ಮಧ್ಯೆ ನನ್ನ ಆಫೀಸಿನ ಶಿಳ್ಳೆ ಸ್ಪಷ್ಟವಾಗಿ ಕೂಗುತ್ತಿತ್ತು. ಗಂಡ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಬಂದು, ಸಂಜೆಯ ತಿಂಡಿಯ ಹೊತ್ತಿಗೆ ಮತ್ತೆ ಹೋಗುವ ಮುಂಚೆ ಅಡ್ಡಾಗಿದ್ದರು.

"ರೀ, ಯಾರ ಮನೇಲೋ ಏನೋ ಕೂಗ್ತಾ ಇದೆ, ಕೇಳಿಸ್ತಿದ್ಯಾ?"

"ಎಂತ ಕೂಗುವುದು? ಕರೆಂಟೇ ಇಲ್ಲ, ಎಂತ ಕೂಗ್ತದೆ?"

ನಾನು ಎರಡೂ ಕಿವಿಗೆ ಬೆರಳಿಟ್ಟು ಮುಚ್ಚಿಕೊಂಡೆ. ಶಿಳ್ಳೆ ಇನ್ನೂ ಜೋರಾಯಿತು. ಅದು ಲೈನಿನಲ್ಲೂ ಇರಲಿಲ್ಲ, ಹೆಡ್‌ಫೋನಿನಲ್ಲೂ ಇರಲಿಲ್ಲ.

ಕಿವಿ ಮೂಗು ಗಂಟಲಿನ ಡಾಕ್ಟರು ಪರೀಕ್ಷೆ ಮಾಡಿಸಿ, ತೆಳ್ಳನೆಯ ಸದ್ದುಗಳು ಸ್ವಲ್ಪ ಕಡಿಮೆ ಕೇಳುತ್ತಿವೆ ಎಂದರು. ಶಿಳ್ಳೆಗೆ ಟಿನಿಟಸ್ ಎಂದು ಹೆಸರು ಹೇಳಿದರು. ಮಾತ್ರೆ ಏನಾದರೂ ಎಂದು ಕೇಳಿದೆ. ಇದಕ್ಕೆ ಮಾತ್ರೆ ಇಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದು ಮುಂದಿನವರನ್ನು ಕರೆದರು. ಅಭ್ಯಾಸ ಮಾಡಿಕೊಳ್ಳಿ ಎಂಬ ಮಾತಿಗೆ ನಾನು ಹತ್ತಕ್ಕೆ ಸೊನ್ನೆ ಕೊಟ್ಟೆ.

ಅಭ್ಯಾಸವಾಗುವುದಿರಲಿ, ಅದು ನನ್ನ ಅನ್ನಕ್ಕೇ ಕಲ್ಲು ಹಾಕಲು ಹೊರಟಿತ್ತು. ನಮ್ಮಲ್ಲಿ ತಿಂಗಳಿಗೊಮ್ಮೆ ಅಂಕ ಹಾಕುವವರಿಗೇ ಪರೀಕ್ಷೆ ನಡೆಯುತ್ತಿತ್ತು. ಕನ್ನಡದ ಕರೆ ಕೇಳುವ ನಾವು ಆರೇಳು ಮಂದಿ ಒಂದೇ ಕರೆಯನ್ನು ಬೇರೆ ಬೇರೆ ಕೂತು ಕೇಳಿ ಅಂಕ ಹಾಕಬೇಕು, ಆಮೇಲೆ ಹೋಲಿಸಿ ನೋಡುತ್ತಾರೆ. ಅಂಕಗಳು ಹತ್ತಿರ ಹತ್ತಿರ ಇರಬೇಕು. ಇದನ್ನು ಕ್ಯಾಲಿಬ್ರೇಶನ್ ಎನ್ನುತ್ತಿದ್ದರು. ಆ ತಿಂಗಳು ನಾನು ಕೇಳಿದ ಕರೆಯಲ್ಲಿ ಹುಡುಗಿಯೊಬ್ಬಳು ಗ್ರಾಹಕನಿಗೆ "ಕ್ಷಮಿಸಿ ಸರ್" ಎಂದಿದ್ದಳಂತೆ. ಎಲ್ಲರಿಗೂ ಕೇಳಿಸಿದೆ, ನನಗೊಬ್ಬಳಿಗೆ ಕೇಳಿಸಿಲ್ಲ. ಕ್ಷಮೆ ಕೇಳಲಿಲ್ಲ ಎಂದು ಅಂಕ ಕತ್ತರಿಸಿಬಿಟ್ಟಿದ್ದೆ. ಮರುತಿಂಗಳು ಮತ್ತೆ ಹಾಗೇ ಆಯಿತು.

ನಮ್ಮ ಟೀಮ್ ಲೀಡರ್ ಬೆಂಗಳೂರಿನ ಹುಡುಗಿ, ಖಾರಘರದಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದಳು. ನನಗಿಂತ ಎಷ್ಟೋ ಚಿಕ್ಕವಳು, ಕೆಟ್ಟವಳಲ್ಲ. ಒಳಗೆ ಕರೆದು ಕೂರಿಸಿಕೊಂಡಳು.

"ಮೇಡಂ, ಮೇಲಿನವರು ಕೇಳ್ತಿದಾರೆ. ಇನ್ನೊಂದ್ ಮೂರು ತಿಂಗಳು ನೋಡೋಣ. ಸ್ಕೋರ್ ಮ್ಯಾಚ್ ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಚಾಟ್‌ಗೆ ಹಾಕ್ಬೇಕಾಗತ್ತೆ. ಸ್ಯಾಲರಿ ಸೇಮ್, ಟೆನ್ಶನ್ ಇರಲ್ಲ. ಬರೀ ಓದೋದು."

ಚಾಟ್ ಎಂದರೆ ಗ್ರಾಹಕರು ಇಂಗ್ಲಿಷಿನಲ್ಲಿ ಟೈಪು ಮಾಡಿದ ದೂರುಗಳನ್ನು ಓದುವುದು. ಅಲ್ಲಿ ದನಿಯೇ ಇಲ್ಲ. ನಂಜನಗೂಡಿನ ಅಜ್ಜಿ ಅಲ್ಲಿಗೆ ಬರುವುದಿಲ್ಲ. ಸಂಬಳ ಅಷ್ಟೇ ಸಿಗುತ್ತದೆ ಎಂದು ಅವಳು ಸಮಾಧಾನ ಹೇಳುತ್ತಿದ್ದರೆ ನನಗೆ ಅಳು ಒತ್ತರಿಸಿ ಬಂತು. ಮೂರು ತಿಂಗಳಲ್ಲಿ ಈ ಶಿಳ್ಳೆಯ ಹಿಂದೆ ಇರುವುದನ್ನು ಕೇಳಿಸಿಕೊಳ್ಳಲು ಕಲಿಯಬೇಕು, ಇಲ್ಲವಾದರೆ ಆ ದನಿಗಳೆಲ್ಲ ನನ್ನ ಪಾಲಿಗೆ ಮುಗಿದವು.

ಯಾರೋ ಹೇಳಿದರೆಂದು ಠಾಣೆಯ ವರ್ತಕ ನಗರದಲ್ಲಿ ಕಿವಿ ಪರೀಕ್ಷೆ ಮಾಡುವ ಒಬ್ಬ ಹುಡುಗಿಯ ಹತ್ತಿರ ಹೋದೆ. ಮರಾಠಿಯವಳು, ಆಗಷ್ಟೇ ಓದು ಮುಗಿಸಿ ಚಿಕ್ಕ ಕ್ಲಿನಿಕ್ ತೆರೆದಿದ್ದಳು. ಹೋದ ತಕ್ಷಣ "ಯಾ ಕಾಕೂ, ಬಸಾ" ಎಂದಳು. ಕಾಕೂ ಎಂದರೆ ಚಿಕ್ಕಮ್ಮ. ನಲವತ್ತು ದಾಟಿ ಇನ್ನೂ ಮೂರು ವರ್ಷ ಆಗಿರಲಿಲ್ಲ, ಕಾಕೂ ಆಗಿಬಿಟ್ಟಿದ್ದೆ. ಆದರೆ ಅವಳು ನನ್ನ ಕಥೆಯನ್ನು ಒಂದು ಸಲವೂ ಗಡಿಯಾರ ನೋಡದೆ ಕೇಳಿದಳು. ಕೇಳುವುದರಲ್ಲಿ ಯಾರು ಎಷ್ಟು ಗಟ್ಟಿಯೆಂದು ನನಗೆ ಬೇಗ ಗೊತ್ತಾಗುತ್ತದೆ. ಹತ್ತಕ್ಕೆ ಹತ್ತು.

ಅವಳು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ಕಿವಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥವು ಇರುತ್ತವೆ. ಅವುಗಳಲ್ಲಿ ಕೆಲವು ದಣಿದಿವೆ, ಕೆಲವು ತೆಳು ಸದ್ದುಗಳನ್ನು ಮೇಲಕ್ಕೆ ಮುಟ್ಟಿಸುತ್ತಿಲ್ಲ. ಮಿದುಳು ಆ ಸದ್ದುಗಳಿಗಾಗಿ ಕಾಯುತ್ತದೆ. ಸ್ಕೂಲಿಗೆ ಹೋದ ಮಗು ಬರುವುದು ತಡವಾದರೆ ತಾಯಿ ಗೇಟಿನ ಸದ್ದಿಗೇ ಕಿವಿ ಕೊಟ್ಟು ಕೂರುತ್ತಾಳಲ್ಲ, ಎಲೆ ಅಲುಗಿದರೂ ಬಂದ ಎನ್ನುತ್ತಾಳಲ್ಲ, ಹಾಗೆ. ಕಾದು ಕಾದು, ಬಾರದ ಸದ್ದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಇಷ್ಟು ದಿನ ನನ್ನನ್ನು ಕಾಡುತ್ತಿರುವುದು ಯಾವುದೋ ರೋಗ, ಯಾವುದೋ ಶತ್ರು ಎಂದುಕೊಂಡಿದ್ದೆ. ಅದು ನನ್ನೊಳಗೇ ಕೂತು ಯಾರನ್ನೋ ಕಾಯುತ್ತಿರುವ ತಾಯಿ ಎಂದು ಕೇಳಿದ ಮೇಲೆ ಅದರ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿದುಹೋಯಿತು. ಅರ್ಧ ಉಳಿಯಿತು, ಯಾಕೆಂದರೆ ಶಿಳ್ಳೆ ಹಾಗೇ ಇತ್ತು.

ಅವಳು ನನ್ನ ಹೊಸ ಸ್ಮಾರ್ಟ್‌ಫೋನ್ ತೆಗೆದುಕೊಂಡು ಅದಕ್ಕೆ ಎರಡು ಆ್ಯಪ್ ಹಾಕಿಕೊಟ್ಟಳು. ಒಂದರಲ್ಲಿ ಮಳೆ, ತೊರೆ, ಸಮುದ್ರ, ಫ್ಯಾನು, ಬರೀ ಸೂ ಎನ್ನುವ ಗಾಳಿ, ಹೀಗೆ ಬಗೆಬಗೆಯ ಸದ್ದುಗಳು. ಇನ್ನೊಂದು, ಬೇಕಾದ ಶ್ರುತಿಯ ಒಂದೇ ಸ್ವರವನ್ನು ನುಡಿಸುವುದು. ಮೊದಲನೆಯದನ್ನು ದಿನವೆಲ್ಲ ಸಣ್ಣಗೆ ಹಾಕಿಕೊಂಡಿರಬೇಕು, ಆದರೆ ಶಿಳ್ಳೆಯನ್ನು ಮುಚ್ಚಿಹಾಕುವಷ್ಟು ಜೋರಾಗಿ ಅಲ್ಲ. ಶಿಳ್ಳೆ, ಗಾಳಿ ಎರಡೂ ಕೇಳುತ್ತಿರಬೇಕು. ಆಗ ಮಿದುಳು ಮೆಲ್ಲಗೆ, ಇದು ಗಮನ ಕೊಡುವಂಥದ್ದೇನಲ್ಲ ಎಂದು ಬಿಟ್ಟುಬಿಡುತ್ತದಂತೆ. ರೈಲು ಹಳಿಯ ಪಕ್ಕದ ಮನೆಯವರಿಗೆ ರೈಲಿನ ಸದ್ದು ಕೇಳುತ್ತದೆಯೇ ಎಂದು ಕೇಳಿದಳು. ದಿವಾ ಸ್ಟೇಷನ್ನಿನ ಹತ್ತಿರ ಹಳಿಗೆ ಅಂಟಿಕೊಂಡೇ ಇರುವ ನಮ್ಮ ಪರಿಚಯದವರ ಮನೆ ನೆನಪಾಗಿ ತಲೆಯಾಡಿಸಿದೆ.

ಇನ್ನು ಆ ಸದ್ದುಗಳ ಪಾಡು. ಮೊದಲು ಮಳೆ ಹಾಕಿದೆ. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಅಡುಗೆ ಮಾಡುತ್ತಿದ್ದವಳು ಸೌಟು ಬಿಸಾಕಿ ಬಾಲ್ಕನಿಗೆ ಓಡಿ, ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಬಂದೆ. ಹೊರಗೆ ರಣಬಿಸಿಲು. ಒಂದು ಸಲ ಆದರೆ ಸರಿ, ಮೂರು ಸಲ ಓಡಿದೆ. ಮಳೆಗೆ ಹತ್ತಕ್ಕೆ ಮೂರು.

ತೊರೆ ಇನ್ನೂ ಅನಾಹುತ ಮಾಡಿತು. ನಮ್ಮ ಕಟ್ಟಡದಲ್ಲಿ ಆಗ ನೀರು ಬರುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಬಂದಾಗ ಹಿಡಿದಿಟ್ಟವರೇ ಜಾಣರು. ನಾನು ಮಧ್ಯಾಹ್ನ ಹಾಲಿನಲ್ಲಿ ಕೂತು ತೊರೆಯ ಸದ್ದು ಹಾಕಿ ಕಣ್ಣು ಮುಚ್ಚಿದ್ದೇ ತಡ, ಮಲಗಿದ್ದ ಗಂಡ ದಡಬಡಿಸಿ ಎದ್ದು ಬಚ್ಚಲಿಗೆ ನುಗ್ಗಿದರು. ಮಗ ಒಳಗಿನಿಂದ "ಮಮ್ಮೀ, ಪಾನೀ ಆ ಗಯಾ ಕ್ಯಾ?" ಎಂದು ಕೂಗಿದ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಆಂಟಿ ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದರು. "ತುಮ್ಚ್ಯಾಕಡೇ ಪಾಣೀ ಆಲಂ ಕಾ?"

ಫೋನಿನೊಳಗೆ ಬಂದಿದೆ ಎಂದು ಅವರಿಗೆ ಹೇಗೆ ಹೇಳುವುದು?

"ಮಾರಾಯ್ತಿ, ಈ ನದಿ ಹಳ್ಳ ಎಲ್ಲ ನಮಗೆ ಆಗುವುದಿಲ್ಲ" ಎಂದರು ಗಂಡ, ಖಾಲಿ ಬಿಂದಿಗೆಯನ್ನು ವಾಪಸು ಇಡುತ್ತಾ. "ಸುಮ್ಮನೆ ಆಸೆ ಹುಟ್ಟಿಸ್ತದೆ."

ಕೊನೆಗೆ ನನಗೆ ಹೊಂದಿಕೊಂಡದ್ದು ಯಾವ ಆಸೆಯನ್ನೂ ಹುಟ್ಟಿಸದ ಆ ಸೂ ಎನ್ನುವ ಗಾಳಿ. ಅದಕ್ಕೆ ಊರಿಲ್ಲ, ಕಾಲವಿಲ್ಲ, ಅದನ್ನು ಕೇಳಿ ಯಾರೂ ಬಕೆಟ್ ತರುವುದಿಲ್ಲ.

ಎರಡನೆಯ ಆ್ಯಪನ್ನು ತೆರೆದದ್ದು ಒಂದು ವಾರ ಕಳೆದ ಮೇಲೆ. ಅದರಲ್ಲಿ ಒಂದು ಗೆರೆ, ಗೆರೆಯ ಮೇಲೆ ಒಂದು ಚುಕ್ಕಿ. ಚುಕ್ಕಿಯನ್ನು ಬೆರಳಿನಿಂದ ಬಲಕ್ಕೆ ಎಳೆದಂತೆ ಸ್ವರ ಏರುತ್ತದೆ. ನಿಮ್ಮ ಶಿಳ್ಳೆ ಯಾವ ಶ್ರುತಿಯದೆಂದು ಹುಡುಕಿಕೊಂಡು ಬನ್ನಿ ಎಂದಿದ್ದಳು ಆ ಹುಡುಗಿ. ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ಚುಕ್ಕಿಯನ್ನು ಇರುವೆಯಷ್ಟು ಮೆಲ್ಲಗೆ ತಳ್ಳುತ್ತಾ ಹೋದೆ. ಇದಲ್ಲ. ಇದೂ ಅಲ್ಲ. ಇನ್ನೂ ಸ್ವಲ್ಪ ಮೇಲೆ. ಅಯ್ಯೋ ದಾಟಿಹೋಯಿತು. ಹಿಂದಕ್ಕೆ. ಇದ್ದಕ್ಕಿದ್ದಂತೆ ಫೋನಿನ ಸದ್ದು ಮಾಯವಾಯಿತು. ಬ್ಯಾಟರಿ ಹೋಯಿತೋ ಎಂದು ನೋಡಿದರೆ ಇಲ್ಲ, ಅದು ನುಡಿಯುತ್ತಲೇ ಇತ್ತು. ನನ್ನ ಶಿಳ್ಳೆಯೂ ಅದೂ ಒಂದಾಗಿದ್ದವು. ಯಾವುದು ಕಿವಿ ಯಾವುದು ಫೋನು ಎಂದು ಬಿಡಿಸಲಾಗಲಿಲ್ಲ. ಜಗತ್ತಿನಲ್ಲಿ ನನ್ನೊಬ್ಬಳಿಗೆ ಬಿಟ್ಟು ಇನ್ಯಾರಿಗೂ ಇಲ್ಲದಿದ್ದ ಒಂದು ಸದ್ದು, ಯಾವ ಡಾಕ್ಟರೂ ಯಾವ ಯಂತ್ರವೂ ಹಿಡಿಯಲಾಗದ ಸದ್ದು, ಈಗ ನನ್ನ ಅಂಗೈಯಲ್ಲಿತ್ತು.

ಗಂಡನನ್ನು ಎಬ್ಬಿಸಿದೆ. ಇಯರ್‌ಫೋನ್ ಅವರ ಕಿವಿಗಿಟ್ಟೆ.

"ಎಂತ ಇದು?"

"ನನ್ನ ಕಿವೀಲಿ ಬರ್ತಿರೋದು."

ಅವರು ಹುಬ್ಬು ಗಂಟಿಕ್ಕಿ ಕೇಳಿದರು. "ಇದಾ? ಇದೇಯಾ?"

"ಇದೇ."

"ಈಗಲೂ ಉಂಟಾ?"

"ಈಗಲೂ ಇದೆ."

"ನಾನು ಮಾತಾಡುವಾಗಲೂ ಉಂಟಾ? ಊಟ ಮಾಡುವಾಗ?"

"ಹೂಂ ರೀ. ಯಾವಾಗಲೂ."

ಸ್ವಲ್ಪ ಹೊತ್ತು ಕೇಳಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಕಿವಿಯಿಂದ ಕಿತ್ತು ತೆಗೆದು, "ನಿಲ್ಲಿಸು ಮಾರಾಯ್ತಿ, ಕೇಳ್ಲಿಕ್ಕೆ ಆಗುವುದಿಲ್ಲ" ಎಂದರು. ಹೇಳಿದ್ದೇ, ಆ ಮಾತು ಅವರಿಗೇ ತಟ್ಟಿತು. ನನ್ನ ಮುಖ ನೋಡಿದರು. "ನನಗಾದ್ರೆ ನಿಲ್ಲಿಸು ಅಂತ ಹೇಳ್ಲಿಕ್ಕಾದ್ರೂ ಉಂಟು" ಎಂದು ನನ್ನ ಕೈ ಹಿಡಿದುಕೊಂಡು ಕೂತರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನನಗೇನಾಗುತ್ತಿದೆ ಎಂದು ಈ ಮನುಷ್ಯನಿಗೆ ಹೀಗೆ ಪೂರಾ ತಿಳಿದದ್ದು ಅದೇ ಮೊದಲು ಅನ್ನಿಸಿತು. ಒಬ್ಬರ ಹಲ್ಲುನೋವನ್ನು ಇನ್ನೊಬ್ಬರು ಅನುಭವಿಸಲು ಆಗುವುದಿಲ್ಲ. ನನ್ನದನ್ನು ಅವರು ಕಿವಿಯಾರೆ ಕೇಳಿದ್ದರು. ಆ ಫೋನಿಗೆ ಕೈ ಮುಗಿಯಬೇಕು ಅನ್ನಿಸಿತು.

ಅವತ್ತಿನಿಂದ ಹೋಟೆಲಿನ ಗಲಾಟೆಯಲ್ಲಿ ಅಭ್ಯಾಸವಾಗಿದ್ದ ಅವರ ದೊಡ್ಡ ಗಂಟಲು ಮನೆಯಲ್ಲಿ ತಗ್ಗಿತು. ಫೋನೆತ್ತುವ ರೀತಿ ಮಾತ್ರ ಹಾಗೇ ಉಳಿಯಿತು.

ಇದಾದ ಕೆಲವು ದಿನಗಳ ಮೇಲೆ ರೈಲಿನಲ್ಲಿ ಒಂದು ಘಟನೆ ನಡೆಯಿತು. ನಾನು ಡೊಂಬಿವಲಿಯಿಂದ ಠಾಣೆಗೆ ಯಾವಾಗಲೂ ಸ್ಲೋ ಗಾಡಿಯಲ್ಲೇ ಹೋಗುತ್ತಿದ್ದೆ. ಅಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯಬೇಕು. ಸ್ಲೋ ಗಾಡಿ ಗುಡ್ಡ ಬಳಸಿಕೊಂಡು ಹೋಗುತ್ತದೆ. ಫಾಸ್ಟ್ ಗಾಡಿ ದಿವಾವನ್ನು ನಿಲ್ಲದೆ ದಾಟಿ ಗುಡ್ಡದೊಳಗಿನ ಸುರಂಗವನ್ನೇ ಹೊಗುತ್ತದೆ. ಆ ದಿನ ತಡವಾಗಿತ್ತೆಂದು ಫಾಸ್ಟ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಉಸಿರಾಡಲೂ ಜಾಗವಿಲ್ಲ, ಫೋನನ್ನು ಪರ್ಸಿನೊಳಗೆ ತುರುಕಿ ಎದೆಗೆ ಒತ್ತಿಕೊಂಡಿದ್ದೆ. ಗಾಡಿ ಸುರಂಗಕ್ಕೆ ನುಗ್ಗಿತು. ಕತ್ತಲು, ಬಾಗಿಲು ಕಿಟಕಿಗಳಿಂದೆಲ್ಲ ಭೋರೆಂದು ನುಗ್ಗುವ ಸದ್ದು. ಎಲ್ಲರ ಮಾತೂ ಅದರಲ್ಲಿ ಮುಳುಗಿತು, ನನ್ನ ಶಿಳ್ಳೆಯೂ ಮುಳುಗಿತು. ಅದರಲ್ಲಿ ವಿಶೇಷವೇನಿಲ್ಲ. ಗಾಡಿ ಆ ಕಡೆ ಬೆಳಕಿಗೆ ಬಂತು. ಭೋರ್ಗರೆತ ನಿಂತಿತು.

ಶಿಳ್ಳೆ ಇರಲಿಲ್ಲ.

ತಿಂಗಳುಗಟ್ಟಲೆಯಿಂದ ಒಂದು ಕ್ಷಣವೂ ಬಿಡದಿದ್ದುದು, ಇರಲಿಲ್ಲ. ಪಕ್ಕದವಳ ಬಳೆ ಕಂಬಿಗೆ ತಾಗಿದ ಸದ್ದು ಕೇಳಿತು. ಯಾರದೋ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸರಗುಟ್ಟಿತು. ಆ ನೂಕುನುಗ್ಗಲಿನ, ಬೆವರಿನ, ಬೈಗುಳದ ಡಬ್ಬಿಯಲ್ಲಿ, ಎಲ್ಲ ಸದ್ದುಗಳ ಹಿಂದೆ ಶುಭ್ರವಾದ ಒಂದು ಖಾಲಿ ಇತ್ತು. ಅದು ಯಾವಾಗಲೂ ಇರುತ್ತದೆ, ನಿಮಗೆ ಈಗಲೂ ಇದೆ, ನೀವು ಅದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ನನ್ನ ಕಣ್ಣಿನಲ್ಲಿ ನೀರು ಇಳಿಯತೊಡಗಿತು. ಪಕ್ಕದವಳು ಗಾಬರಿಯಾಗಿ "ಕಾಯ್ ಝಾಲಂ?" ಎಂದಳು. ಏನೂ ಇಲ್ಲ ಎಂದು ಕೈಯಾಡಿಸಿದೆ. ನಿಜಕ್ಕೂ ಏನೂ ಇರಲಿಲ್ಲ, ಅದೇ ದೊಡ್ಡ ವಿಷಯವಾಗಿತ್ತು. ಗಾಡಿ ಠಾಣೆಯ ಮುಂಚಿನ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಸೇತುವೆ ಏರುವ ಹೊತ್ತಿಗೆ ಶಿಳ್ಳೆ ಮೆಲ್ಲಗೆ, ಕರೆಯದ ನೆಂಟರ ಹಾಗೆ ವಾಪಸು ಬಂದು ಕೂತಿತು.

ವರ್ತಕ ನಗರದ ಹುಡುಗಿಗೆ ಹೇಳಿದೆ. ಅವಳ ಕಣ್ಣೂ ಅರಳಿತು. ಕೆಲವರಿಗೆ ಹಾಗಾಗುತ್ತದೆ ಕಾಕೂ, ಅಗಲವಾದ ಸದ್ದೊಂದು ಕೇಳಿ ನಿಂತ ಮೇಲೆ ಸ್ವಲ್ಪ ಹೊತ್ತು ಶಿಳ್ಳೆ ಅಡಗಿರುತ್ತದೆ, ಯಾಕೆಂದು ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದಳು. ಸುರಂಗವನ್ನೇ ಔಷಧಿ ಮಾಡಿಕೊಳ್ಳಬೇಡಿ, ಜೋರು ಸದ್ದು ಕಿವಿಗೆ ಒಳ್ಳೆಯದಲ್ಲ ಎಂದೂ ಗದರಿಸಿದಳು. ಯಾರಿಗೂ ಗೊತ್ತಿಲ್ಲ ಎಂದು ಅವಳು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಇಷ್ಟವಾಯಿತು. ನನ್ನ ತಲೆಯೊಳಗೆ, ಎರಡು ಕಿವಿಗಳ ನಡುವಿನ ಇಷ್ಟೇ ಇಷ್ಟು ಜಾಗದಲ್ಲಿ, ಓದಿದವರಿಗೂ ತಿಳಿಯದ್ದು ಏನೋ ನಡೆಯುತ್ತಿದೆ ಎಂದರೆ ಹೆದರಿಕೆಗಿಂತ ಹೆಚ್ಚಾಗಿ ಬೆರಗಾಗುತ್ತಿತ್ತು.

ಆದರೆ ಮುಖ್ಯ ತೊಡಕು ಆಫೀಸಿನಲ್ಲೇ ಇತ್ತು. ನಮ್ಮ ಕಾಲ್ ಸೆಂಟರಿನ ಒಳಗೆ ಮೊಬೈಲು ಒಯ್ಯುವಂತಿರಲಿಲ್ಲ. ಗ್ರಾಹಕರ ವಿವರ ಯಾರೂ ಕದಿಯಬಾರದೆಂದು ಬಾಗಿಲಲ್ಲೇ ಲಾಕರಿನಲ್ಲಿ ಇಟ್ಟು ಹೋಗಬೇಕು. ನನ್ನ ಗಾಳಿ ಲಾಕರಿನಲ್ಲಿ, ನಾನು ಒಳಗೆ. ಟೀಮ್ ಲೀಡರ್ ಹತ್ತಿರ ಬೇಡಿಕೊಂಡೆ. "ಸಾರಿ ಮೇಡಂ, ರೂಲ್ ಅಂದ್ರೆ ರೂಲ್. ನಂದೇ ಫೋನ್ ಒಳಗೆ ತರಕ್ಕಾಗಲ್ಲ" ಎಂದಳು. ಮೂರು ತಿಂಗಳಲ್ಲಿ ಒಂದು ಆಗಲೇ ಕಳೆದಿತ್ತು.

ಉಪಾಯ ತಲೆಯ ಮೇಲೇ ಇತ್ತು. ನಮ್ಮ ಹಾಲಿನ ಮೂಲೆಯಲ್ಲಿ ಒಂದು ಸೀಟು, ಸರಿಯಾಗಿ ಏಸಿ ಗಾಳಿ ಬೀಳುವ ಜಾಗ. ಅಲ್ಲಿ ಕೂತವರಿಗೆಲ್ಲ ನೆಗಡಿ, ಕತ್ತುನೋವು. ಹೊಸಬರನ್ನು ಹಿಡಿದು ಅಲ್ಲಿ ಕೂರಿಸುತ್ತಿದ್ದರು. ಒಂದು ದಿನ ಆ ಕಡೆ ಹಾದುಹೋಗುವಾಗ ಕಿವಿ ನಿಮಿರಿತು. ಏಸಿಯ ಜಾಲರಿಯಿಂದ ಬರುತ್ತಿದ್ದದ್ದು ನನ್ನ ಆ್ಯಪಿನ ಅದೇ ಗಾಳಿ. ಅದೇ ಸೂ, ಅಷ್ಟೇ ಅಗಲ, ಅಷ್ಟೇ ಸಣ್ಣಗೆ. ಫೋನಿನಲ್ಲಿ ಅದನ್ನು ಕೇಳಿ ಪಳಗದಿದ್ದರೆ, ಆ ಸದ್ದು ನನಗೆ ಬೇಕಾದದ್ದು ಎಂದು ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಆ ಸೀಟು ನನಗೆ ಕೊಡಿ ಎಂದೆ. ಅಲ್ಲಿ ಕೂತಿದ್ದ ಹುಡುಗಿ ನನ್ನ ಮನಸ್ಸು ಬದಲಾಗುವ ಮುಂಚೆ ಸಾಮಾನು ಎತ್ತಿಕೊಂಡು ಓಡಿದಳು.

ಹೊರಗೆ ಐರೋಲಿಯ ಸುಡುಬಿಸಿಲು. ಒಳಗೆ ನಾನು ಸ್ವೆಟರ್ ತೊಟ್ಟು, ಶಾಲು ಹೊದ್ದು, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಮಂಡ್ಯದವರ ಜಗಳ ಕೇಳುತ್ತಾ ಕೂತಿರುತ್ತಿದ್ದೆ. ಹುಡುಗರು "ಮ್ಯಾಡಂ ಮಹಾಬಲೇಶ್ವರ ಮೇ ಹೈ" ಎಂದು, ನಾನು ಅಲ್ಲಿನ ಚಳಿಯ ಗಿರಿಧಾಮದಲ್ಲಿರುವಂತೆ, ನಗುತ್ತಿದ್ದರು. ನಗಲಿ. ಹೆಡ್‌ಫೋನಿನ ಒಂದು ಕಡೆ ಕಿವಿಯ ಮೇಲೆ, ಇನ್ನೊಂದು ಕಿವಿಗೆ ಏಸಿಯ ಗಾಳಿ. ದಾರಿಯಲ್ಲೂ ಮನೆಯಲ್ಲೂ ಫೋನಿನ ಗಾಳಿ. ಶಿಳ್ಳೆ ಕಡಿಮೆಯಾಗಲಿಲ್ಲ. ಹುಡುಕಿದರೆ ಅದೇ ಶ್ರುತಿ, ಅಷ್ಟೇ ಜೋರು, ಆ ಚುಕ್ಕಿ ಗೆರೆಯ ಮೇಲೆ ಅದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ಆದರೆ ಹುಡುಕಬೇಕಾಗಿತ್ತು. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ, ಮಧ್ಯಾಹ್ನದಿಂದ ಅದರ ನೆನಪೇ ಬಂದಿಲ್ಲವೆಂದು ಹೊಳೆದು ಬಾಗಿಲಲ್ಲೇ ನಿಂತುಬಿಟ್ಟೆ. ನೆನೆಸಿಕೊಂಡದ್ದೇ ತಪ್ಪಾಯಿತು, ಕೂಗತೊಡಗಿತು. ಆದರೂ ಎಷ್ಟು ಸಂತೋಷವಾಯಿತೆಂದರೆ ಗಂಡನಿಗೆ ಹೋಟೆಲಿಗೇ ಫೋನು ಮಾಡಿದೆ. ನಾನು ಏನೂ ಮಾಡಿರಲಿಲ್ಲ. ನನ್ನೊಳಗೆ ಕಾಯುತ್ತಿದ್ದವಳು ತಾನಾಗಿ ಗೇಟಿನಿಂದ ಎದ್ದು ಒಳಗೆ ಬಂದು ಬೇರೆ ಕೆಲಸ ನೋಡಿಕೊಂಡಿದ್ದಳು.

ಗಡುವು ಮುಗಿಯುವ ತಿಂಗಳ ಕ್ಯಾಲಿಬ್ರೇಶನ್ ಬಂತು. ಎಲ್ಲರ ಕಂಪ್ಯೂಟರಿಗೂ ಒಂದೇ ಕರೆ ಬಿಟ್ಟರು. ಕೈ ತಣ್ಣಗಾಗಿತ್ತು, ಏಸಿಯಿಂದ ಅಲ್ಲ.

ಮಂಡ್ಯ ಕಡೆಯ ಗಂಡಸು, ಐವತ್ತು ದಾಟಿರಬಹುದು. "ಚಿತ್ರ ಚೆಂದಾಗ್ ಬತ್ತದೆ ಕಣಪ್ಪ, ಸವುಂಡೇ ಬರಾಕಿಲ್ಲ. ಹದಿನೈದ್ ದಿನಾಯ್ತು. ಮೂಗ್‌ರ ನಾಟ್ಕ ನೋಡ್ದಂಗಾಗದೆ." ಹುಡುಗ ಮರ್ಯಾದೆಯಿಂದ ರಿಮೋಟಿನ ಬಟನ್ ಒತ್ತಿಸಿದ, ಪೆಟ್ಟಿಗೆ ಆರಿಸಿ ಹಾಕಿಸಿದ. ಸದ್ದು ಬರಲಿಲ್ಲ. ಕ್ಷಮೆ ಕೇಳಿ, ಮೆಕ್ಯಾನಿಕ್ ಬರುತ್ತಾನೆ ಎಂದು ದೂರು ಬರೆದುಕೊಳ್ಳತೊಡಗಿದ. ಬರೆಯುವಾಗ ಅರ್ಧ ನಿಮಿಷ ಇಬ್ಬರೂ ಸುಮ್ಮನಿದ್ದರು. ಕೀಬೋರ್ಡಿನ ಟಕಟಕ, ಆ ಮನುಷ್ಯನ ಉಸಿರು. ಇಂಥ ಸುಮ್ಮನಿರುವ ಜಾಗಗಳೇ ನನ್ನ ಶತ್ರುಗಳಾಗಿದ್ದವು, ಅಲ್ಲೆಲ್ಲ ಶಿಳ್ಳೆ ಬಂದು ತುಂಬಿಕೊಳ್ಳುತ್ತಿತ್ತು. ಈಗಲೂ ಬಂತು. ಬರಲಿ ಎಂದು ಬಿಟ್ಟೆ. ಅದರ ಕೆಳಗೆ, ಟಕಟಕದ ಕೆಳಗೆ, ಉಸಿರಿನ ಕೆಳಗೆ, ಬಹಳ ದೂರದಲ್ಲಿ ಏನೋ ಇತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಮತ್ತೊಮ್ಮೆ ಕೇಳಿದೆ. ಹೆಂಗಸೊಬ್ಬಳು ಬಟ್ಟೆ ಒಗೆಯುವ ಸೋಪಿನ ಬಗ್ಗೆ ಹೇಳುತ್ತಿದ್ದಳು.

ಆಮೇಲೆ ಗಾಜಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಅಂಕ ಹೋಲಿಸಿದರು. ಎಲ್ಲರೂ ಹುಡುಗನಿಗೆ ಪೂರ್ತಿ ಅಂಕ ಕೊಟ್ಟಿದ್ದರು. ನಾನೂ ಕೊಟ್ಟಿದ್ದೆ. ಅಲ್ಲಿಗೆ ನಾನು ಪಾಸು, ಸುಮ್ಮನಿರಬಹುದಿತ್ತು.

"ಆ ಟಿವಿ ಕೆಟ್ಟಿಲ್ಲ" ಎಂದೆ. "ಸೌಂಡ್ ಬರ್ತಾ ಇದೆ."

ಯಾರೂ ನಂಬಲಿಲ್ಲ. ಟೀಮ್ ಲೀಡರ್ ಸ್ಪೀಕರಿನ ದನಿ ಪೂರಾ ಏರಿಸಿ ಆ ಅರ್ಧ ನಿಮಿಷವನ್ನು ಹಾಕಿದಳು. ಸೋಪಿನವಳು ಮಾತಾಡಿದಳು. ಮೆಕ್ಯಾನಿಕ್ ಹೋಗುತ್ತಾನೆ, ಕೆಟ್ಟಿಲ್ಲ ಎಂದು ಬರೆದು ಬರುತ್ತಾನೆ, ಆ ಮನುಷ್ಯ ಮತ್ತೆ ಫೋನು ಮಾಡುತ್ತಾನೆ ಎಂದೆ. ಟೀಮ್ ಲೀಡರ್ ಯೋಚಿಸಿ, "ನೀವೇ ಹೇಳಿ ಮೇಡಂ ಅವ್ರಿಗೆ" ಎಂದು ನಂಬರು ಹಾಕಿ, ತಾನೂ ಒಂದು ಹೆಡ್‌ಫೋನ್ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು. ವರ್ಷಗಟ್ಟಲೆ ಕರೆ ಕೇಳಿದ್ದೆ. ಒಬ್ಬ ಗ್ರಾಹಕರ ಜೊತೆಗೂ ಮಾತಾಡಿರಲಿಲ್ಲ.

"ಅಣ್ಣಾ, ನಿಮ್ಮನೇಲಿ ಬೇರೆ ಯಾರಾದ್ರೂ ಇದ್ದಾರಾ?"

"ಇಲ್ಲ ಕಣವ್ವ. ಹೆಂಡ್ರು ಮಗಳ ಬಾಣಂತನಕ್ಕೆ ಓಗವ್ಳೆ. ಯಾಕವ್ವ?"

"ಫೋನನ್ನ ಟಿವಿ ಹತ್ರ ಹಿಡೀರಿ ಅಣ್ಣಾ, ಒಂದೇ ಒಂದು ನಿಮಿಷ."

ಹಿಡಿದರು. ವಾರ್ತೆ ಓದುವವನ ದನಿ, ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಫೋನು ಮತ್ತೆ ಅವರ ಕಿವಿಗೆ ಬಂತು. "ಏನಾರ ಕೇಳುಸ್ತಾ?"

"ಕೇಳಿಸ್ತು ಅಣ್ಣಾ."

"ಅಂಗಾರೆ ಕೆಟ್ಟಿರೋದು ಟಿವಿ ಅಲ್ಲ, ನಾನೇ ಅನ್ನಿ" ಎಂದರು.

"ಕೆಟ್ಟಿಲ್ಲ ಅಣ್ಣಾ, ಕಿವಿಗೆ ಒತ್ತಿಟ್ಕೊಂಡ್ರೆ ಫೋನ್ ಕೇಳುತ್ತಲ್ಲ. ಕಿವಿ ಡಾಕ್ಟ್ರಿಗೆ ತೋರಿಸಿ. ಹೆದರ್ಕೋಬೇಡಿ. ನಂಗೂ ಕಿವಿ ತೊಂದರೆ ಇದೆ."

"ನಿಮ್ಗಾ?" ಅವರು ನಕ್ಕೇಬಿಟ್ಟರು. "ಬೊಂಬಾಯಲ್ ಕುಂತ್ಕಂಡು ನಮ್ಮನೆ ಟಿವಿ ಕೇಳುಸ್ಕಂಡ್ರಲ್ಲವ್ವ, ನಿಮ್ ಕಿವಿಗೇನಾಗದೆ?"

ಟೀಮ್ ಲೀಡರ್ ತನ್ನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಚಾಟ್‌ಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ ಬಿಡಿ ಮೇಡಂ" ಎಂದಳು.